ಕೆಡವಿದ ಮನೆ ಕಸವಲ್ಲ

ಸಾಂಗಲಿ ಪೇಟೆಗೆ ಅರಿಷಿಣ ಒಯ್ದು ಬಂದ ನಮ್ಮ ಭಾಗದ ರೈತರಿಗೆ, ದಲಾಲರಿಗೆ ಹರಿಪುರ ಹೊಸ ಊರೇನಲ್ಲ. ವಾರಣಾ ನದಿ ಕೃಷ್ಣೆಯನ್ನು ಕೂಡುವ ಜಾಗ, ಸಂಗಮೇಶ್ವರನ ಗುಡಿ, ಎಲ್ಲಕ್ಕೂ ಮಿಗಿಲಾಗಿ ಅರಿಷಿಣದ ಹಗೇವುಗಳು. ಮರಾಠಿಯವರು ‘ಪೇವ’ ಎನ್ನುತ್ತಾರೆ.

ಹಗೇವು ಎಂದರೆ ನೆಲವನ್ನೇ ಅಗೆದು ಮಾಡಿದ ಗೋದಾಮು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಇಟ್ಟಿಗೆ, ಸಿಮೆಂಟ್, ಕಬ್ಬಿಣ ಯಾವುದೂ ಬೇಡ. ಬಾಯಿ ಮುಚ್ಚಿ ಗಾಳಿ ಕಟ್ಟಿದರೆ ಮಾಲಿಗೆ ಹುಳ ಹತ್ತುವುದಿಲ್ಲ. ಬೇಡವಾದ ದಿನ ಮಣ್ಣು ತುಂಬಿದರಾಯಿತು, ಎಸೆಯಲು ಒಂದು ಬುಟ್ಟಿ ಕಸವೂ ಉಳಿಯುವುದಿಲ್ಲ. 2005ರ ಮಹಾಪೂರದಲ್ಲಿ ನೀರು ಹೊಕ್ಕು ಬಹಳಷ್ಟು ಹಗೇವು ಹಾಳಾದವು, ಮಾಲು ಸಿಮೆಂಟಿನ ಗೋದಾಮು ಸೇರಿತು. ಮತ್ತೆ ಹಗೇವು ತೋಡಿರಿ ಎಂದು ನಾನು ಹೇಳುತ್ತಿಲ್ಲ. ಕಟ್ಟುವಾಗಲೇ ಕೆಡವುವ ದಿನದ ಲೆಕ್ಕವನ್ನೂ ಇಡುವ ಆ ಬುದ್ಧಿಯನ್ನು ನಾವು ಕಳೆದುಕೊಂಡೆವಲ್ಲ, ಅದು ನನ್ನ ಚಿಂತೆ.

ಮನೆಗಳ ಲೆಕ್ಕವೂ ಹಿಂದೆ ಹೀಗೇ ಇತ್ತು. ಹಳೇ ಮನೆ ಬಿದ್ದರೆ ಕಲ್ಲು ಹೊಸ ಗೋಡೆಗೆ, ತೊಲೆ-ಜಂತಿ ಹೊಸ ಮಾಳಿಗೆಗೆ, ಹಂಚು ದನದ ಕೊಟ್ಟಿಗೆಗೆ. ಗೋಡೆಯ ಹಾಳಮಣ್ಣನ್ನು ಚಕ್ಕಡಿಯಲ್ಲಿ ಹೇರಿ ಹೊಲಕ್ಕೆ ಚೆಲ್ಲುತ್ತಿದ್ದರು. ಒಂದು ಮನೆ ಸತ್ತರೆ ನಾಲ್ಕು ಕಡೆ ಹುಟ್ಟುತ್ತಿತ್ತು.

ಈಗೇನಾಗಿದೆ? 2019ರ ಆಗಸ್ಟ್‌ನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆ ಬಳಿ ನೀರು 57 ಅಡಿ ಮುಟ್ಟಿತು. ಅಲ್ಲಿ ಅಪಾಯದ ಮಟ್ಟ 45 ಅಡಿ. 2021ರಲ್ಲಿ ಮತ್ತೆ ಮಹಾಪೂರ. ಆಚೆ ಸಾಂಗಲಿ, ಈಚೆ ಚಿಕ್ಕೋಡಿ, ಅಥಣಿ, ರಾಯಬಾಗ ತಾಲೂಕುಗಳಲ್ಲಿ ಮಣ್ಣಿನ ಗೋಡೆಗಳು ಕುಸಿದವು. ಆಮೇಲೆ ಜೆಸಿಬಿ ಬಂತು. ಸಾಗವಾನಿ, ಕಲ್ಲು, ಮಣ್ಣು, ಸಿಮೆಂಟ್ ಎಲ್ಲ ಕಲಸಿ ಟ್ರ್ಯಾಕ್ಟರಿಗೆ ಹೇರಿ ಹಳ್ಳದ ದಂಡೆಗೆ ಸುರಿಯುವುದು ಈಗ ರೂಢಿ. ಮರಾಠಿಯಲ್ಲಿ ಇದಕ್ಕೆ ‘ರಾಡಾರೋಡಾ’ ಎಂಬ ಹೆಸರು. ಹೆಸರಿಗೆ ತಕ್ಕಂತೆ ಎಲ್ಲವೂ ರಾಡಿ!

ನದಿ ದಂಡೆಯ ಹಿರಿಯರೊಬ್ಬರು ನನ್ನನ್ನು ನೇರವಾಗಿ ಕೇಳಿದರು: “ಹಂಗಾರ ಮತ್ತ ಮಣ್ಣಿನ ಮನಿ ಕಟ್ಟಿ ಮಹಾಪೂರದಾಗ ಮಲಗ್ಬೇಕೇನ್ರಿ ಸಾಹೇಬ್ರ?” ಪ್ರಶ್ನೆ ನ್ಯಾಯವಾದದ್ದು. ಬರೀ ಮಣ್ಣಿನ ಗೋಡೆ ನಿಂತ ನೀರಿಗೆ ತಾಳದು. ಆದರೆ ಹಳೇ ಮನೆಯ ಕಲ್ಲನ್ನೇ ಸಿಮೆಂಟ್ ಗಾರೆಯಲ್ಲಿ ಕೂಡಿಸಿ ಪೂರದ ಮಟ್ಟದವರೆಗೆ ಕಟ್ಟಬಹುದು. ಅದರ ಮೇಲೆ ಒತ್ತುಮಣ್ಣಿನ ಇಟ್ಟಿಗೆ ಬಳಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಈ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಮಣ್ಣಿಗೆ ಸುಮಾರು ಶೇ. 7ರಷ್ಟು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ, ನೀರುಣಿಸಿದರೆ ಸಾಕು, ಭಟ್ಟಿಯಲ್ಲಿ ಸುಡಬೇಕಿಲ್ಲ. ನಮ್ಮ ಎರೆಮಣ್ಣು ಮಾತ್ರ ಹಾಗೇ ನಡೆಯದು, ಒಣಗಿದರೆ ಬಿರಿಯುತ್ತದೆ. ಉಸುಕು ಬೆರೆಸಿ ಪರೀಕ್ಷಿಸಿ ನೋಡಬೇಕು.

ಒಡೆದ ಕಾಂಕ್ರೀಟೂ ಕಸವಲ್ಲ. ಅದನ್ನು ಪುಡಿಮಾಡಿದ ಖಡಿಯನ್ನು 2016ರ ಐಎಸ್ 383 ಮಾನಕ ಒಪ್ಪಿದೆ: ಕಬ್ಬಿಣವಿಲ್ಲದ ಕಾಂಕ್ರೀಟಿನ ಖಡಿಯಲ್ಲಿ ಶೇ. 25ರವರೆಗೆ, ಎಂ-25 ದರ್ಜೆವರೆಗಿನ ಕಬ್ಬಿಣದ ಕಾಂಕ್ರೀಟಿನಲ್ಲಿ ಶೇ. 20ರವರೆಗೆ. ಅಷ್ಟು ತಾಪತ್ರಯ ಬೇಡವೆಂದರೆ ಹೊಲದ ದಾರಿಗೆ, ಅಂಗಳದ ಭರ್ತಿಗೆ ಹಾಕಿರಿ. ಅಸ್ಬೆಸ್ಟಾಸ್ ಪತ್ರೆಯನ್ನು ಮಾತ್ರ ಒಡೆಯದೆ ಬೇರೆ ಇಡಬೇಕು. ಅದರ ಧೂಳು ಪುಪ್ಪುಸಕ್ಕೆ ವಿಷ.

ಕೆಡವಿದ ಕಟ್ಟಡಗಳ ತ್ಯಾಜ್ಯಕ್ಕೆಂದೇ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು, 2025ರಲ್ಲಿ ಹೊಸ ನಿಯಮ ಹೊರಡಿಸಿತು. ಅದೆಲ್ಲ ದೊಡ್ಡ ಶಹರಗಳಿಗೆ ಎಂದು ನಾವು ಸುಮ್ಮನಿದ್ದೇವೆ. ಸುಮ್ಮನಿದ್ದರೆ ನಡೆಯದು. ಜೆಸಿಬಿ ತರಿಸುವ ಮೊದಲು ಎರಡು ದಿನ ಆಳು ಹಚ್ಚಿ ಕಟ್ಟಿಗೆ, ಕಲ್ಲು, ಹಂಚು ಬೇರೆ ಮಾಡಿಸಿರಿ. ಗ್ರಾಮ ಪಂಚಾಯತಿಗಳು ಹಳ್ಳದಿಂದ ದೂರ ಒಂದು ಜಾಗ ಗೊತ್ತುಮಾಡಲಿ. ಹಳೇ ಸಾಮಾನಿಗೆ ಬೆಲೆ ಕಟ್ಟುವ ಕೆಲಸ ವ್ಯಾಪಾರಿ ಮಿತ್ರರಿಗೆ ಯಾರೂ ಕಲಿಸಬೇಕಾಗಿಲ್ಲ. ಮನೆ ಕಳೆದುಕೊಂಡವನಿಗೆ ಪರಿಹಾರದ ಜೊತೆಗೆ ನಾಲ್ಕು ಕಾಸು ಹೆಚ್ಚು ಸಿಕ್ಕೀತು.

ಮಹಾಪೂರ ಬಂದಾಗಲೆಲ್ಲ ಆಚೆಯವರು ಆಲಮಟ್ಟಿಯತ್ತ ಬೆರಳು ತೋರಿಸುತ್ತಾರೆ, ಈಚೆಯವರು ಕೊಯ್ನಾದತ್ತ. ಆ ವಾದವನ್ನು ದೊಡ್ಡವರು ಬಗೆಹರಿಸಲಿ. ಹಳ್ಳದ ಬಾಯಿಗೆ ರಾಡಾರೋಡಾ ಸುರಿಯುವವರು ಮಾತ್ರ ನಾವೇ, ಎರಡೂ ದಂಡೆಯವರು. ಹರಿಪುರದ ಸಂಗಮ ದಾಟಿದ ನೀರು ಮುಂದೆ ನಮ್ಮ ಹೊಲಗಳ ಬದಿಗೇ ಬರುತ್ತದೆ. ಅದಕ್ಕೆ ಹರಿಯಲು ದಾರಿ ಬಿಡೋಣ.