ಹೂಳು ತೆಗೆಯದವರು ಮಾತು ತೆಗೆದರು

ನಮ್ಮ ಕಡೆ ಜಾತ್ರೆ ಅಂದ್ರೆ ರಾತ್ರಿ ನಾಟಕ ಇರಲೇಬೇಕು. ಈ ಸಲ ಪಕ್ಕದೂರಿನ ಜಾತ್ರೆ ನಾಟಕದಲ್ಲಿ ಹಾಸ್ಯಗಾರನಿಗೆ ಒಂದು ಮಾತಿತ್ತು. ಗೌಡನ ಪಾತ್ರದವನು ಕೇಳುತ್ತಾನೆ: "ಕೆರಿ ಹೂಳು ತಗ್ಯಾಕ ಬಂದ ರೊಕ್ಕ ಏನಾತಲೇ?" ಹಾಸ್ಯಗಾರ ಕೈಮುಗಿದು ಹೇಳುತ್ತಾನೆ: "ಕಾಗದದಾಗ ಹೂಳು ಅಂತ ಬರದಿತ್ರೀ, ಹೂಳಿಬಿಟ್ವಿ!"

ತಾಲೀಮಿನಲ್ಲೇ ಜನ ಬಿದ್ದು ಬಿದ್ದು ನಕ್ಕಿದ್ದರು. ಜಾತ್ರೆಗೆ ಎರಡು ದಿನ ಇರುವಾಗ ಊರಿನ ಪುಢಾರಿಯೊಬ್ಬರ ಕಡೆಯವರು ಬಂದು, "ಆ ಮಾತು ತಗೀರಿ" ಅಂದರು. "ಅದರಾಗ ಯಾರ ಹೆಸರೂ ಇಲ್ಲಲ್ರೀ?" ಅಂತ ಪೇಟಿ ಮಾಸ್ತರು ಕೇಳಿದರು. ಬಂದ ಉತ್ತರ ಏನು ಗೊತ್ತೇ? "ಹೆಸರು ಯಾಕ ಬೇಕ್ರೀ, ಎಲ್ಲಾರಿಗೂ ಗೊತ್ತೈತಲ್ಲ!"

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗಾಯಿತು. ಮಾತು ಹೋಯಿತು. ಕೆರೆಯಲ್ಲಿ ಹೂಳು ಹಾಗೇ ಇದೆ.

ಇದು ಇವತ್ತಿನ ರೋಗ ಅಲ್ಲ. ಹೀಗೇ ಹೆಗಲು ಮುಟ್ಟಿಕೊಂಡ ಸರ್ಕಾರವೊಂದು ಇಡೀ ದೇಶದ ನಾಟಕಕ್ಕೆ ಬೇಲಿ ಹಾಕಿತ್ತು. 1876ರ ಕೋಲ್ಕತ್ತದ ಕಥೆ ಅದು. ಬ್ರಿಟನ್ನಿನ ಯುವರಾಜ ಊರಿಗೆ ಬಂದಾಗ ಜಗದಾನಂದ ಮುಖರ್ಜಿ ಎಂಬ ವಕೀಲ ಅವನನ್ನು ಮನೆಗೆ ಕರೆದು, ಮನೆಯ ಹೆಂಗಸರಿಂದಲೇ ಸ್ವಾಗತ ಮಾಡಿಸಿದ. ಗ್ರೇಟ್ ನ್ಯಾಷನಲ್ ಥಿಯೇಟರ್‌ನವರು ಇದನ್ನು ಪ್ರಹಸನ ಮಾಡಿದರು. ಹೆಸರು 'ಗಜದಾನಂದ ಮತ್ತು ಯುವರಾಜ'. ಎರಡೇ ಅಕ್ಷರ ಅದಲುಬದಲು. ಜಗ ಹೋಗಿ ಗಜ ಆಯಿತು, ಊರೆಲ್ಲ ನಕ್ಕಿತು.

ಪೊಲೀಸರು ನಾಟಕ ನಿಲ್ಲಿಸಿದರು. ಕಂಪನಿಯವರು ಅದನ್ನೇ 'ಹನುಮಾನ್ ಚರಿತ್ರ' ಅಂತ ಹೆಸರು ಬದಲಿಸಿ ಆಡಿದರು. ಅದನ್ನೂ ನಿಲ್ಲಿಸಿದರು. ಆಗ ಇವರು ನಿಲ್ಲಿಸಿದವರ ಮೇಲೆಯೇ ಒಂದು ಪ್ರಹಸನ ಕಟ್ಟಿದರು. ಪೊಲೀಸ್ ಕಮಿಷನರ್ ಹೆಸರು ಹಾಗ್, ಸೂಪರಿಂಟೆಂಡೆಂಟ್ ಹೆಸರು ಲ್ಯಾಂಬ್. ಇಂಗ್ಲಿಷಿನಲ್ಲಿ ಹಾಗ್ ಅಂದರೆ ಹಂದಿ, ಲ್ಯಾಂಬ್ ಅಂದರೆ ಕುರಿಮರಿ. ನಾಟಕದ ಹೆಸರು 'ದಿ ಪೊಲೀಸ್ ಆಫ್ ಪಿಗ್ ಅಂಡ್ ಶೀಪ್', ಅಂದರೆ ಹಂದಿ-ಕುರಿಗಳ ಪೊಲೀಸು. ಸಾಹೇಬರ ಹೆಸರು ಎಲ್ಲೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಫೆಬ್ರವರಿ 29ಕ್ಕೆ ವೈಸರಾಯ್ ನಾರ್ತ್‌ಬ್ರೂಕ್ ಸುಗ್ರೀವಾಜ್ಞೆ ಹೊರಡಿಸಿದ. ಮಾರ್ಚ್ 4ರಂದು ಪೊಲೀಸರು ರಂಗಮಂದಿರಕ್ಕೇ ನುಗ್ಗಿ ಉಪೇಂದ್ರನಾಥ ದಾಸ್, ಅಮೃತಲಾಲ್ ಬಸು ಮುಂತಾದವರನ್ನು ಹಿಡಿದರು. ಕೇಸು ಯಾವುದರ ಮೇಲೆ? ಗಜದಾನಂದನ ಮೇಲಲ್ಲ, ಹಂದಿ-ಕುರಿಯ ಮೇಲೂ ಅಲ್ಲ. 'ಸುರೇಂದ್ರ ವಿನೋದಿನಿ' ಅನ್ನೋ ಬೇರೆಯೇ ನಾಟಕ ಅಶ್ಲೀಲ ಅಂತ! "ನಮ್ಮನ್ನು ನೋಡಿ ನಕ್ಕರು" ಅಂತ ದೂರು ಬರೆಯಲು ಯಾವ ಅಧಿಕಾರಿಗೆ ಮುಖ ಇರುತ್ತದೆ? ಇಬ್ಬರಿಗೂ ಒಂದು ತಿಂಗಳ ಸಜೆ ಆಯಿತು, ಹೈಕೋರ್ಟಿನಲ್ಲಿ ಅದು ನಿಲ್ಲಲಿಲ್ಲ.

ಆದರೆ ಆ ವರ್ಷ ಮುಗಿಯುವುದರೊಳಗೆ ನಾಟಕ ಪ್ರದರ್ಶನ ಕಾಯ್ದೆ ಬಂತು. ನಾಟಕ ನಿಷೇಧಿಸಬಹುದು, ಆಡುವ ಮುಂಚೆ ವಿವರ ಕೇಳಬಹುದು, ಪರದೆ-ಪೋಷಾಕು ಜಪ್ತಿ ಮಾಡಬಹುದು. ಬ್ರಿಟಿಷರು 1947ರಲ್ಲಿ ಹೋದರು. ಕಾಯ್ದೆ ಪುಸ್ತಕದಿಂದ ಹೋಗಿದ್ದು 2018ರಲ್ಲಿ. ಅಷ್ಟರೊಳಗೆ ನಮ್ಮ ರಾಜ್ಯಕ್ಕೂ 1964ರಲ್ಲಿ ಅದೇ ಹೆಸರಿನ ಕಾಯ್ದೆ ಬಂದಾಗಿತ್ತು. ನಗುವವರ ಮೇಲಿನ ಸಿಟ್ಟು ಮಾತ್ರ ಸರ್ಕಾರದಿಂದ ಸರ್ಕಾರಕ್ಕೆ ಆಸ್ತಿಯ ಹಾಗೆ ಇಳಿದು ಬರುತ್ತದೆ.

"ಹಂಗಂತ ಬಾಯಿಗೆ ಬಂದದ್ದು ಆಡಬಹುದೇನ್ರೀ? ಮರ್ಯಾದೆ ಬ್ಯಾಡೇನು?" ಅಂತ ಕೇಳುವವರಿದ್ದೀರಿ. ಸರಿ, ಮರ್ಯಾದೆ ಬಗ್ಗೆಯೇ ಮಾತಾಡೋಣ. ನಮ್ಮ ಜಾತ್ರೆ ನಾಟಕಗಳಲ್ಲಿ ಕಿವುಡರನ್ನು, ತೊದಲು ಮಾತಿನವರನ್ನು ಆಡಿಕೊಳ್ಳುತ್ತಾರೆ. ಹೆಂಗಸರ ಮೈಮೇಲೆ ಎರಡರ್ಥದ ಮಾತು ಆಡುತ್ತಾರೆ. ಆಗ ಯಾವ ಪುಢಾರಿಯ ಕಡೆಯವರೂ ತಾಲೀಮಿಗೆ ಬಂದಿದ್ದನ್ನು ನಾನು ನೋಡಿಲ್ಲ. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ನಕ್ಕವರು, ಕೆಲವರು ನೋಟು ಪಿನ್ನು ಹಾಕಿ ಆಯೇರಿ ಮಾಡಿದವರು ಇವರೇ. ಹಾಸ್ಯ ಕೆಳಗಿನವರ ಮೇಲೆ ಬಿದ್ದರೆ ಅದು ಮನರಂಜನೆ. ಮೆಟ್ಟಿಲು ಹತ್ತಿ ಮೇಲಿನವರ ಮನೆ ಬಾಗಿಲಿಗೆ ಬಂದರೆ ಆಗ ಸಂಸ್ಕೃತಿ ಕೆಡುತ್ತದೆ. ಇದು ಮರ್ಯಾದೆಯ ಪ್ರಶ್ನೆ ಅಲ್ಲ ಸ್ವಾಮಿ, ಕುರ್ಚಿಯ ಪ್ರಶ್ನೆ.

ಇಷ್ಟು ಬರೆದವನು ಒಂದು ಒಪ್ಪಿಕೊಳ್ಳಬೇಕು. ಮಾತು ತೆಗೆಸಿದ ಸುದ್ದಿ ನನಗೆ ಮರುದಿನವೇ ಗೊತ್ತಿತ್ತು. ನಾನು ಅದನ್ನು ಪತ್ರಿಕೆಗೆ ಕಳಿಸಲಿಲ್ಲ. ನನ್ನಂಥ ಬಿಡಿ ವರದಿಗಾರನಿಗೆ ಸುದ್ದಿಗಿಂತ ಜಾಹೀರಾತಿನ ಕಮಿಷನ್ನೇ ಹೊಟ್ಟೆಪಾಡು. ಆ ಪುಢಾರಿಯ ಹುಟ್ಟುಹಬ್ಬದ ಜಾಹೀರಾತು ತರುವವನು ನಾನೇ. ನನ್ನ ಸುದ್ದಿಗೆ ಯಾವ ಪೊಲೀಸೂ ಬರಲಿಲ್ಲ, ಯಾವ ಕಾಯ್ದೆಯೂ ಬೇಕಾಗಲಿಲ್ಲ. ಕತ್ತರಿ ನನ್ನ ಜೇಬಿನಲ್ಲೇ ಇತ್ತು.

ಧೈರ್ಯ ಮಾಡಿದ್ದು ಹಾಸ್ಯಗಾರ. ಹಗಲು ಗೌಂಡಿ ಕೆಲಸ ಮಾಡುವ ಮನುಷ್ಯ. ಆ ರಾತ್ರಿ ಗೌಡನ ಪಾತ್ರದವನು ಹೂಳಿನ ರೊಕ್ಕದ ಪ್ರಶ್ನೆ ಬಿಟ್ಟು ಮುಂದೆ ಹೋಗುವುದರಲ್ಲಿದ್ದ. ಇವನು ತಡೆದು ನಿಲ್ಲಿಸಿ, ಜನರ ಕಡೆ ತಿರುಗಿ ಹೇಳಿದ: "ಇಲ್ಲಿ ನಂದೊಂದು ಮಾತಿತ್ರೀ. ಕೆರಿ ಹೂಳು ತಗ್ಯಾಕ ಯಾರೂ ಬರ್ಲಿಲ್ಲ. ನನ್ನ ಮಾತು ತಗ್ಯಾಕ ನಾಕು ಮಂದಿ ಬಂದಿದ್ರು."

ತೆಗೆದ ಮಾತಿಗೆ ಸಿಗುತ್ತಿದ್ದ ನಗುವಿನ ಹತ್ತು ಪಟ್ಟು ನಗು ಇದಕ್ಕೆ ಬಿತ್ತು. ಮರುದಿನ ಅವನನ್ನು ಕರೆಸಿ, ಮೊಬೈಲಿನ ಮುಂದೆ ನಿಲ್ಲಿಸಿ "ತಪ್ಪಾತ್ರೀ" ಅನ್ನಿಸಿದರು. ಆ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರಬಹುದು. ಬಂದಿದ್ದರೆ ಮುಂದಕ್ಕೆ ಕಳಿಸಬೇಡಿ. ಅವನನ್ನು ತಲೆ ತಗ್ಗಿಸಿ ನಿಲ್ಲಿಸಿದ್ದನ್ನು ನೋಡಿ ನಗುವಂಥದ್ದು ಅದರಲ್ಲಿ ಏನೂ ಇಲ್ಲ.

ಮುಂದಿನ ಜಾತ್ರೆಗೆ ಕಮಿಟಿಯವರು ಒಂದು ಕೆಲಸ ಮಾಡಲಿ. "ಆ ಮಾತು ತಗೀರಿ" ಅಂತ ಯಾರಾದರೂ ಬಂದರೆ ಜಗಳ ಬೇಡ. ಒಂದು ಬಿಳಿ ಹಾಳೆ ಕೊಟ್ಟು, "ಈ ಮಾತು ನನ್ನ ಬಗ್ಗೆಯೇ ಇದೆ" ಅಂತ ಬರೆದು ಸಹಿ ಮಾಡಿಕೊಡಿ ಅನ್ನಲಿ. ಸಹಿ ಬಿದ್ದ ಕೂಡಲೇ ಮಾತು ತೆಗೆಯೋಣ.

ಆ ಹಾಳೆಯ ಸುದ್ದಿ ಈ ಸಲ ನಾನೇ ಕಳಿಸುತ್ತೇನೆ.