ಸೊನ್ನೆ ಬೇರೆ, ಖಾಲಿ ಬೇರೆ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಎಂದೊಡನೆ ಎಲ್ಲರಿಗೂ ನೆನಪಾಗುವುದು ಪುಷ್ಕರಿಣಿ. ಆದರೆ ಆ ಹೋಬಳಿಯ ಅಡಿಕೆ ಬೆಳೆಗಾರನಿಗೆ ಮಳೆಗಾಲದಲ್ಲಿ ಬೇರೊಂದು ನೀರಿನ ಲೆಕ್ಕದ ಚಿಂತೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ನಾಡಿನಾದ್ಯಂತ ನೆಟ್ಟಿರುವ 6,000ಕ್ಕೂ ಮಿಕ್ಕ ಮಳೆಮಾಪಕಗಳು ತಮ್ಮ ಅಳತೆಯನ್ನು ತಾವಾಗಿಯೇ ಬೆಂಗಳೂರಿಗೆ ಕಳುಹಿಸುತ್ತವೆ. ಹವಾಮಾನ ಆಧಾರಿತ ಬೆಳೆವಿಮೆಯ ಪರಿಹಾರ ನಿರ್ಧಾರವಾಗುವುದು ತೋಟವನ್ನು ನೋಡಿಯಲ್ಲ, ಇಂಥ ಅಂಕಿಗಳನ್ನು ನೋಡಿ.

ಗಣಕದ ಪರದೆಯ ಮೇಲೆ ‘0 ಮಿ.ಮೀ.’ ಎಂದು ಕಂಡರೆ ಅದರ ಅರ್ಥವೇನು? ಮಳೆ ಬರಲಿಲ್ಲವೆಂದೆ? ಇಲ್ಲವೆ, ಮಾಪಕ ಕೆಟ್ಟು ಅಳತೆಯೇ ಬರಲಿಲ್ಲವೆಂದೆ? ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡುವ ಗೃಹಿಣಿಗೆ ಈ ಭೇದ ಚೆನ್ನಾಗಿ ಗೊತ್ತು. ಹಾಲು ಬೇಡವೆಂದ ದಿನಕ್ಕೆ ಆಕೆ ಸೊನ್ನೆ ಸುತ್ತುತ್ತಾಳೆ. ಬರೆಯಲು ಮರೆತ ದಿನದ ಮನೆ ಖಾಲಿಯಾಗಿರುತ್ತದೆ. ತಿಂಗಳ ಕೊನೆಯಲ್ಲಿ ಹಾಲಿನವನೊಡನೆ ಚರ್ಚೆ ನಡೆಯುವುದು ಖಾಲಿ ಮನೆಗಳ ವಿಷಯದಲ್ಲಿಯೇ. ತಂತ್ರಾಂಶ ರಚಿಸುವವನು ಖಾಲಿ ಮನೆಗಳಿಗೆಲ್ಲ ಸೊನ್ನೆ ತುಂಬಿಬಿಟ್ಟರೆ ಚರ್ಚೆಗೆ ಎಡೆಯೇ ಉಳಿಯದು, ನಿಜ. ಆದರೆ ಅತಿವೃಷ್ಟಿಯ ನಡುವೆ ಮಾಪಕ ಕೆಟ್ಟುನಿಂತ ನಾಲ್ಕು ದಿನಗಳೂ ಸೊನ್ನೆಯಾದರೆ, ತೋಟದಲ್ಲಿ ನೀರು ನಿಂತಿದ್ದರೂ ದಾಖಲೆಯಲ್ಲಿ ಮಳೆಯೇ ಇಲ್ಲ! (ಮಾಪಕದ ಬಾಯಿಗೆ ಎಲೆ ಬಿದ್ದು ಕಟ್ಟಿಕೊಂಡರೆ ಯಂತ್ರವೇ ಸೊನ್ನೆಯೆಂದು ಸುಳ್ಳು ಹೇಳುವುದುಂಟು, ಅದಕ್ಕೆ ನೆರೆಯ ಮಾಪಕವೇ ಸಾಕ್ಷಿ.)

ಒಂದು ಮಾಪಕವೂ ಅಂಕಿ ಕಳುಹಿಸದ ದಿನ ಹೋಬಳಿಯ ಸರಾಸರಿ ತೆಗೆಯಹೊರಟರೆ ಇನ್ನೂ ವಿಚಿತ್ರ. ಆಗ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಇದಕ್ಕೆ ಸೊನ್ನೆಯೇ ಉತ್ತರವೆಂದನು. ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ಸೊನ್ನೆಯಿಂದ ಭಾಗಿಸಿದರೂ ರಾಶಿ ಮಾರ್ಪಡದೆಂದನು. ಆ ದಾರಿಯಲ್ಲಿ ನಡೆದರೂ ಸಿಗುವುದು ಸೊನ್ನೆಯೇ. ಗಣಕಗಳ ಅಂಕಗಣಿತಕ್ಕಾಗಿ 1985ರಲ್ಲಿ ರೂಪುಗೊಂಡ ‘ಐಇಇಇ 754’ ಎಂಬ ನಿಯಮವು, ಇದು ಸಂಖ್ಯೆಯೇ ಅಲ್ಲವೆಂದು ಸಾರಿ, ‘ನ್ಯಾನ್’ ಎಂಬ ಗುರುತನ್ನು ಇಂಥ ಉತ್ತರಗಳಿಗೆಂದು ಮೀಸಲಿಟ್ಟಿತು.

ಯಂತ್ರದೊಳಗೆ ಅದು ಪ್ರಾಮಾಣಿಕವಾದ ಉತ್ತರ. ಆದರೆ ಅದೇ ಗುರುತು ಪರದೆಗೆ ಬಂದು ಕುಳಿತರೆ ಬೆಳೆಗಾರನಿಗೆ ಏನು ತಿಳಿದೀತು? ಬರಿಯ ಅಡ್ಡಗೆರೆಯೂ ಸಾಲದು. ‘ಅಳತೆ ಬಂದಿಲ್ಲ’ ಎಂದು ತಿಳಿಗನ್ನಡದಲ್ಲಿ ಬರೆದು, ಕೊನೆಯ ಅಳತೆ ಬಂದ ದಿನವನ್ನೂ ವೇಳೆಯನ್ನೂ ಪಕ್ಕದಲ್ಲಿ ಕಾಣಿಸಬೇಕು. ತಿಂಗಳ ಮೊತ್ತದ ಕೆಳಗೆ ‘30 ದಿನಗಳಲ್ಲಿ 26 ದಿನಗಳ ಮೊತ್ತ’ ಎಂಬ ಒಂದೇ ಸಾಲು ಇದ್ದರೂ ಸಾಕು, ಉಳಿದ ನಾಲ್ಕು ದಿನಗಳ ಬಗೆಗೆ ಅರ್ಜಿ ಬರೆಯಲು ಆತನಿಗೊಂದು ಆಧಾರ ದೊರೆಯುತ್ತದೆ.