ಜ್ವರವಿಲ್ಲವೆಂಬ ಸಮಾಧಾನ ಸಾಲದು

ಮಕ್ಕಳು ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ನೆಲೆಸಿರಲು ಹಿರಿಯರು ವೃದ್ಧಾಶ್ರಮದಲ್ಲಿ ದಿನ ಕಳೆಯುವುದು ಕರಾವಳಿಯ ನಮ್ಮ ಕುಟುಂಬಗಳಿಗೆ ಹೊಸತಲ್ಲ. ಅದನ್ನು ಖಂಡಿಸುವುದು ನಮ್ಮ ಉದ್ದೇಶವಲ್ಲ. ನಮ್ಮನ್ನು ಕಾಡುವ ಪ್ರಶ್ನೆ ಬೇರೆ: ಅಲ್ಲಿರುವ ತಾಯಿಯ ದೇಹಸ್ಥಿತಿಯಲ್ಲಾಗುವ ಚಿಕ್ಕ ಬದಲಾವಣೆಯನ್ನು ಗಮನಿಸುವವರು ಯಾರು? ಗಮನಿಸಿದವರು ತಿಳಿಸುವುದು ಯಾರಿಗೆ?

ಒಮ್ಮೆ ಅಂತಹ ಒಂದು ಆಶ್ರಮದಿಂದ ರೋಗಿಯೊಬ್ಬರ ತೈಲಲೇಪನಕ್ಕೆ ನಮಗೆ ಕರೆ ಬಂತು. ಆ ತಾಯಿಗೆ ಮಾತು ನಿಂತಿತ್ತು. ನಾಲ್ಕು ದಿನಗಳಿಂದ ಗಂಜಿ ಸೇರುತ್ತಿರಲಿಲ್ಲ, ಹೆಸರುಗಳು ಮರೆಯುತ್ತಿದ್ದವು ಎಂದು ಆಯಾ ಹೇಳಿದಳು. "ಜ್ವರವಿರಲಿಲ್ಲ, ವಯಸ್ಸಾಯಿತಲ್ಲ ಎಂದುಕೊಂಡೆವು" ಎಂದರು ಮೇಲ್ವಿಚಾರಕರು. ದೂರದ ಮಗನಿಗೆ ಗಾಬರಿಯಾದೀತೆಂದು ಸುದ್ದಿಯನ್ನೇ ಮುಟ್ಟಿಸಿರಲಿಲ್ಲ.

ಮುಪ್ಪಿನಲ್ಲಿ ರೋಗವು ಪರಿಚಿತ ವೇಷದಲ್ಲಿಯೇ ಬರಬೇಕೆಂದಿಲ್ಲ. ನ್ಯುಮೋನಿಯಾ, ಮೂತ್ರದ ಸೋಂಕುಗಳು ಜ್ವರವಿಲ್ಲದೆಯೂ ಬರುತ್ತವೆ. ಹಠಾತ್ತನೆ ಕವಿಯುವ ಗೊಂದಲ, ಹಗಲೆಲ್ಲ ತೂಕಡಿಕೆ, ಊಟ ಸೇರದಿರುವುದು, ಕಾಲು ತಡವರಿಸಿ ಬೀಳುವುದು – ಇವೇ ಮೊದಲ ಸೂಚನೆಗಳಾಗಬಹುದು. 50 ಕಿಲೋ ತೂಗುವವರು ಒಂದು ತಿಂಗಳಲ್ಲಿ ಎರಡೂವರೆ ಕಿಲೋ ಇಳಿದರೆ ಅದೂ ವೈದ್ಯರಿಗೆ ತಿಳಿಸಬೇಕಾದ ಸಂಗತಿಯೇ. ಇವನ್ನು ಮೊದಲು ಕಾಣುವವಳು ಉಣಿಸಿ ಮೀಯಿಸುವ ಆಯಾ. ಆಕೆ ಕಂಡದ್ದು ಅಂದೇ ಪುಸ್ತಕದಲ್ಲಿ ದಾಖಲಾಗಿ ದಾದಿಯ ಮೂಲಕ ವೈದ್ಯರಿಗೂ ಮನೆಯವರಿಗೂ ತಲುಪಬೇಕು.

ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಯು ಅನ್ನ, ಬಟ್ಟೆ, ವಸತಿಗಳೊಡನೆ ವೈದ್ಯಕೀಯ ಆರೈಕೆಯನ್ನೂ ಮಕ್ಕಳ ಹೊಣೆಯೆಂದು ಎಣಿಸಿದೆ. ಆದರೆ ಗಮನವಿಡುವ ಮನಸ್ಸನ್ನು ಯಾವ ಕಾಯಿದೆಯೂ ಕೊಡಲಾರದು.

ತಪ್ಪು ಆಶ್ರಮದ್ದು ಮಾತ್ರವೆನ್ನಲಾರೆವು. "ಗಂಭೀರವಾದರೆ ಮಾತ್ರ ತಿಳಿಸಿ" ಎನ್ನುವ ಮಕ್ಕಳೂ, ತಿಳಿಸಿದೊಡನೆ "ನೀವು ನೋಡಿಕೊಳ್ಳಲಿಲ್ಲ" ಎಂದು ಸಿಡುಕುವ ಮಕ್ಕಳೂ ಉಂಟು. ಬೈಗುಳಕ್ಕೆ ಅಂಜಿದವರು ಮೌನ ತಾಳುತ್ತಾರೆ. ಗಂಭೀರವೆಂಬುದು ಎಲ್ಲರಿಗೂ ತಿಳಿಯುವ ಹೊತ್ತಿಗೆ ಚಿಕಿತ್ಸೆಯ ಕಾಲ ಮೀರಿರಲೂಬಹುದು. ನೋವಾದೀತೆಂದು ಸತ್ಯವನ್ನು ಮರೆಮಾಡುವುದು ಕರುಣೆಯಂತೆ ತೋರುತ್ತದೆ. ವಾಸ್ತವದಲ್ಲಿ ಅದು ಪ್ರೀತಿಸುವವರ ಕೈಕಟ್ಟಿಹಾಕುವ ಕಾರ್ಯ.

ಆದುದರಿಂದ ವಾರಕ್ಕೊಮ್ಮೆ ಫೋನು ಮಾಡುವಾಗ "ಹೇಗಿದ್ದಾರೆ?" ಎಂದಷ್ಟೇ ಕೇಳಿ "ಚೆನ್ನಾಗಿದ್ದಾರೆ" ಎಂಬ ಉತ್ತರಕ್ಕೆ ತೃಪ್ತರಾಗದಿರೋಣ. ಎಷ್ಟು ಉಂಡರು, ಹೇಗೆ ನಿದ್ರಿಸಿದರು, ಹಿಂದಿನ ವಾರದಂತೆಯೇ ನಡೆದಾಡುತ್ತಾರೆಯೇ ಎಂದು ವಿಚಾರಿಸೋಣ. ಕೆಟ್ಟ ಸುದ್ದಿ ತಂದ ಆಯಾಳಿಗೆ ಮೊದಲು ಕೃತಜ್ಞತೆ ಸಲ್ಲಿಸೋಣ. ಆ ಬಳಿಕ ತಾಯಿಯೊಡನೆಯೂ ಮಾತನಾಡೋಣ. ಅವರ ದೇಹದ ಸುದ್ದಿಯನ್ನು ಅರಿಯುವ ಮೊದಲ ಹಕ್ಕು ಅವರದೇ ಅಲ್ಲವೇ?